ಹಿಂದಿನಿಂದ ‘ಧಡ್’ ಅನ್ನುವ ಹಳೇ ಕಾರು: ಸಸ್ಪೆನ್ಷನ್ ಕೆಲಸ ಮನೆಯಲ್ಲಿ ಎಷ್ಟು ಮಾಡಬಹುದು?

ಮಳೆಗಾಲ ಮುಗಿದು ದಸರೆ ಹತ್ತಿರ ಬಂತು ಅಂದರೆ ಪುಣೆ, ಮುಂಬೈ, ಗೋವಾದ ಕನ್ನಡಿಗರ ಕಾರುಗಳು ಊರಿನ ಕಡೆ ತಿರುಗುತ್ತವೆ. ಪುಣೆಯಿಂದ ಬೆಳಗಾವಿಗೆ ಸುಮಾರು 340 ಕಿಲೋಮೀಟರ್. ಗೋವಾದವರಿಗೆ ಚೋರ್ಲಾ ಘಾಟಿ, ಇಲ್ಲವೇ ಅನಮೋಡ ಘಾಟಿ. ನಾಲ್ಕು ತಿಂಗಳು ಗುಂಡಿಗಳಲ್ಲಿ ಇಳಿದು ಹತ್ತಿದ ಕಾರು ಅದು. ಹಿಂದಿನ ಸೀಟಿನಲ್ಲಿ ಮೂವರು ಕೂತು, ಡಿಕ್ಕಿ ತುಂಬಾ ಸಾಮಾನು ಹೇರಿದಾಗಲೇ ಆ ಸದ್ದು ಚೆನ್ನಾಗಿ ಕೇಳುವುದು. ಪ್ರತಿ ಹಂಪ್‌ಗೂ ಹಿಂದಿನಿಂದ ಒಂದು ‘ಧಡ್’.

ಗ್ಯಾರೇಜಿಗೆ ಹೋದರೆ ಸಾಮಾನ್ಯವಾಗಿ ಬರುವ ಉತ್ತರ, “ಹಿಂದಿನ ಸಸ್ಪೆನ್ಷನ್ ಪೂರಾ ಹೋಗಿದೆ”. ಸಸ್ಪೆನ್ಷನ್ ಅಂದರೆ ಚಕ್ರಕ್ಕೂ ಬಾಡಿಗೂ ನಡುವೆ ರಸ್ತೆಯ ಹೊಡೆತ ತಾಳುವ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್, ರಬ್ಬರ್‌ಗಳ ಜೋಡಣೆ. ಇರಬಹುದು. ಆದರೆ ಎಷ್ಟೋ ಸಲ ಹೋಗಿರುವುದು ಕೆಲವು ನೂರು ರೂಪಾಯಿಯ ರಬ್ಬರ್ ತುಂಡು ಮಾತ್ರ. ಯಾವುದು ಹೋಗಿದೆ ಅಂತ ತಿಳಿಯದೆ ಎಲ್ಲವನ್ನೂ ಬದಲಿಸುವುದು ಒಂದು ತಪ್ಪು. ಸುಮ್ನೆ ಶಾಕಪ್ (ಶಾಕ್ ಅಬ್ಸಾರ್ಬರ್) ಮಾತ್ರ ಬದಲಿಸಿ ರಬ್ಬರ್ ಹಾಗೇ ಬಿಡುವುದು ಇನ್ನೊಂದು ತಪ್ಪು. ಹಳೇ ಕಾರು ಇಟ್ಟುಕೊಳ್ಳುವವರು ಕಡಿಮೆ ಏನಿಲ್ಲ. 15 ವರ್ಷ ತುಂಬಿದ ಖಾಸಗಿ ಕಾರಿನ ಮರುನೋಂದಣಿ ಶುಲ್ಕ 2022ರ ಏಪ್ರಿಲ್ 1ರಿಂದ 600 ರೂಪಾಯಿಯಿಂದ 5,000ಕ್ಕೆ ಏರಿತು. ಆಮೇಲೂ ಜನ ಹೊಸ ಕಾರಿನ ಕಂತಿಗಿಂತ ಇದೇ ವಾಸಿ ಅಂದುಕೊಂಡು ಫಿಟ್‌ನೆಸ್ ಮಾಡಿಸಿ ಓಡಿಸುತ್ತಲೇ ಇದ್ದಾರೆ.

ಇಲ್ಲಿ ಹೇಳುವುದು ಸ್ವಿಫ್ಟ್, ಡಿಸೈರ್, ಐ20, ಪೋಲೊ ತರಹದ, ಮುಂದಿನ ಚಕ್ರಗಳಿಗೆ ಎಂಜಿನ್ ಬಲ ಹೋಗುವ ಸಣ್ಣ ಕಾರುಗಳ ಬಗ್ಗೆ. ಇನೋವಾ, ಓಮ್ನಿಗಳ ಹಿಂಭಾಗದ ಕಟ್ಟೋಣವೇ ಬೇರೆ.

ಹಿಂದಿನ ಚಕ್ರಗಳ ನಡುವೆ ಏನಿದೆ

ಈ ಕಾರುಗಳಲ್ಲಿ ಹಿಂದಿನ ಎರಡು ಚಕ್ರಗಳನ್ನು ಒಂದು ದಪ್ಪ ಉಕ್ಕಿನ ತೊಲೆ ಜೋಡಿಸಿರುತ್ತದೆ. ಅದಕ್ಕೆ ಟಾರ್ಷನ್ ಬೀಮ್ ಅನ್ನುತ್ತಾರೆ. ಒಂದು ಚಕ್ರ ಗುಂಡಿಗೆ ಇಳಿದಾಗ ಈ ತೊಲೆ ಸ್ವಲ್ಪ ತಿರುಚಿಕೊಳ್ಳುತ್ತದೆ, ಆಮೇಲೆ ಸರಿಯಾಗುತ್ತದೆ. ತೊಲೆಯ ಎರಡೂ ತುದಿಯಿಂದ ಮುಂದಕ್ಕೆ ಒಂದೊಂದು ತೋಳು ಹೋಗಿ ಕಾರಿನ ಬಾಡಿಗೆ ಸೇರುತ್ತದೆ. ಆ ಜಾಗದಲ್ಲಿ ಒಂದೊಂದು ದೊಡ್ಡ ರಬ್ಬರ್ ಬುಶ್ ಇರುತ್ತದೆ. ಬಾಗಿಲಿಗೆ ತಿರುಗಣಿ ಇದ್ದಂತೆ ಇಡೀ ಹಿಂಭಾಗ ಮೇಲೆ ಕೆಳಗೆ ಆಡುವುದು ಈ ಎರಡು ಬುಶ್‌ಗಳ ಮೇಲೆ.

ತೊಲೆಗೂ ಬಾಡಿಗೂ ನಡುವೆ ಸುರುಳಿ ಸ್ಪ್ರಿಂಗ್ ಕೂತಿರುತ್ತದೆ. ಪಕ್ಕದಲ್ಲಿ ಶಾಕ್ ಅಬ್ಸಾರ್ಬರ್, ಅಂದರೆ ಗ್ಯಾರೇಜಿನವರ ಬಾಯಲ್ಲಿ ಶಾಕಪ್. ಇವೆರಡೂ ಒಂದೇ ಕೆಲಸ ಮಾಡುತ್ತವೆ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ.

ಕಾರಿನ ಭಾರ ಹೊರುವುದು ಸ್ಪ್ರಿಂಗ್ ಮಾತ್ರ. ಗುಂಡಿಯ ಹೊಡೆತವನ್ನು ಅದು ಕುಗ್ಗಿ ತನ್ನೊಳಗೆ ಇಟ್ಟುಕೊಳ್ಳುತ್ತದೆ, ಮರುಕ್ಷಣ ವಾಪಸು ಕೊಡುತ್ತದೆ. ಒಂಟಿಯಾಗಿ ಬಿಟ್ಟರೆ ಕಾರು ಮೇಲೆ ಕೆಳಗೆ ಕುಣಿಯುತ್ತಲೇ ಇರುತ್ತದೆ. ಆ ಕುಣಿತ ನಿಲ್ಲಿಸುವುದು ಶಾಕಪ್. ಅದರೊಳಗೆ ಎಣ್ಣೆ ಇದೆ, ಎಣ್ಣೆಯಲ್ಲಿ ಸಣ್ಣ ಸಣ್ಣ ತೂತುಗಳಿರುವ ಪಿಸ್ಟನ್ ಇದೆ. ಹೋಳಿಯ ಪಿಚಕಾರಿ ನೆನಪಿಸಿಕೊಳ್ಳಿ. ನಿಧಾನವಾಗಿ ಒತ್ತಿದರೆ ನೀರು ಸಲೀಸಾಗಿ ಹೊರಬರುತ್ತದೆ, ಜೋರಾಗಿ ಒತ್ತಲು ಹೋದರೆ ಕೈಗೆ ಎದುರು ನಿಲ್ಲುತ್ತದೆ. ಶಾಕಪ್ ಕೂಡ ಅಷ್ಟೇ. ಚಕ್ರ ವೇಗವಾಗಿ ಆಡಿದಷ್ಟೂ ಅದು ಹೆಚ್ಚು ತಡೆಯುತ್ತದೆ. ತಡೆದ ಶಕ್ತಿ ಬಿಸಿಯಾಗಿ ಹೊರಹೋಗುತ್ತದೆ. ಹಾಗಾಗಿಯೇ ಕೆಟ್ಟ ರಸ್ತೆಯಲ್ಲಿ ಓಡಿಸಿ ನಿಲ್ಲಿಸಿದ ಮೇಲೆ ಶಾಕಪ್ ಮೈ ಬೆಚ್ಚಗಿರುತ್ತದೆ.

ಇದರಿಂದ ಒಂದು ಮಾತು ಸ್ಪಷ್ಟ. ಕಾರಿನ ಹಿಂಭಾಗ ಕೆಳಗೆ ಕೂತಿದ್ದರೆ ಹೊಸ ಶಾಕಪ್ ಹಾಕಿದರೂ ಅದು ಮೇಲೇಳುವುದಿಲ್ಲ. ತಪ್ಪು ಸ್ಪ್ರಿಂಗಿನದು.

ಮೂರನೆಯದು ರಬ್ಬರ್. ಶಾಕಪ್‌ನ ಎರಡೂ ತುದಿಯಲ್ಲಿ ಬುಶ್, ಸ್ಪ್ರಿಂಗಿನ ಮೇಲೆ ಕೆಳಗೆ ರಬ್ಬರ್ ಸೀಟು. ಸಸ್ಪೆನ್ಷನ್ ಪೂರ್ತಿ ಕುಗ್ಗಿದಾಗ ಕಬ್ಬಿಣಕ್ಕೆ ಕಬ್ಬಿಣ ಬಡಿಯದಂತೆ ಬಂಪ್ ಸ್ಟಾಪ್. ಇದು ಹಲವು ಕಾರುಗಳಲ್ಲಿ ಸ್ಪಂಜಿನ ಹಾಗೆ ಕಾಣುವ ಪಾಲಿಯುರೆಥೇನ್‌ನಿಂದ ಮಾಡಿದ್ದು. ಶಾಕಪ್ ಸರಳಿಗೆ ಕೆಸರು ತಾಗದಂತೆ ಒಂದು ಮಡಿಕೆ ಮಡಿಕೆಯ ಹೊದಿಕೆಯೂ ಇರುತ್ತದೆ, ಅದು ಡಸ್ಟ್ ಬೂಟ್.

ಒಂದು ಹೋದರೆ ಇನ್ನೊಂದನ್ನು ಕರೆದೊಯ್ಯುತ್ತದೆ

ಈ ಭಾಗಗಳು ಒಂಟಿಯಾಗಿ ಸಾಯುವುದಿಲ್ಲ. ಮೊದಲು ಡಸ್ಟ್ ಬೂಟ್ ಹರಿಯುತ್ತದೆ. ಅದು ಕಣ್ಣಿಗೆ ಬೀಳುವುದಿಲ್ಲ, ಸದ್ದೂ ಮಾಡುವುದಿಲ್ಲ. ಆಮೇಲೆ ಕೆಸರು, ಮರಳು ಶಾಕಪ್‌ನ ಹೊಳೆಯುವ ಸರಳಿಗೆ ಅಂಟುತ್ತದೆ. ಸರಳು ಒಳಗೆ ಹೊರಗೆ ಓಡಾಡುವಾಗ ಆ ಮರಳು ಸೀಲನ್ನು ಕೆರೆಯುತ್ತದೆ. ಸೀಲಿನಿಂದ ಎಣ್ಣೆ ಸೋರುತ್ತದೆ, ತಡೆಯುವ ಶಕ್ತಿ ಇಳಿಯುತ್ತದೆ, ಚಕ್ರ ಜಾಸ್ತಿ ಆಡುತ್ತದೆ, ಬಂಪ್ ಸ್ಟಾಪ್‌ಗೆ ಮತ್ತೆ ಮತ್ತೆ ಬಡಿದು ಅದು ಪುಡಿಯಾಗುತ್ತದೆ. ನಮಗೆ ‘ಧಡ್’ ಕೇಳುವುದು ಈ ಕೊನೆಯ ಹಂತದಲ್ಲಿ.

ಪಶ್ಚಿಮ ಕರಾವಳಿಯಲ್ಲಿ ಇದಕ್ಕೆ ಉಪ್ಪುಗಾಳಿ ಸೇರುತ್ತದೆ. ವಾಸ್ಕೋದಲ್ಲೋ ವರ್ಸೋವಾದಲ್ಲೋ ಬಯಲಿನಲ್ಲೇ ನಿಲ್ಲುವ ಕಾರಿನ ಸ್ಪ್ರಿಂಗ್ ನೋಡಿ. ಕೆಳಗಿನ ಸುರುಳಿ ಸೀಟಿಗೆ ಉಜ್ಜಿ ಬಣ್ಣ ಹೋಗಿರುತ್ತದೆ. ಅಲ್ಲೇ ನೀರೂ ಕೆಸರೂ ನಿಲ್ಲುತ್ತದೆ. ತುಕ್ಕು ಸಣ್ಣ ಕುಳಿ ಮಾಡುತ್ತದೆ, ಕುಳಿಯಿಂದ ಬಿರುಕು, ಒಂದು ದಿನ ಗುಂಡಿಯಲ್ಲಿ ಸ್ಪ್ರಿಂಗಿನ ತುದಿ ಮುರಿಯುತ್ತದೆ. ಎಷ್ಟೋ ಜನರಿಗೆ ಅದು ಗೊತ್ತೇ ಆಗುವುದಿಲ್ಲ, ಯಾಕೆಂದರೆ ಮುರಿದ ಸ್ಪ್ರಿಂಗ್ ಕೂಡ ಕಾರನ್ನು ಹೊತ್ತು ನಿಂತಿರುತ್ತದೆ.

ಮುಂಬೈ, ಪುಣೆಯವರಿಗೆ ಇನ್ನೊಂದು ಕಾರಣ ಸಿಎನ್‌ಜಿ. ಕಂಪನಿಯಲ್ಲೇ ಸಿಎನ್‌ಜಿ ಹಾಕಿದ ಕಾರಿನಲ್ಲಿ ಸಿಲಿಂಡರಿನ ಹೆಚ್ಚುವರಿ ಭಾರಕ್ಕೆ ತಕ್ಕ ಸ್ಪ್ರಿಂಗ್ ಕೊಟ್ಟಿರುತ್ತಾರೆ. ಹೊರಗೆ ಕಿಟ್ ಕೂರಿಸಿದಾಗ ಹಲವರು ಸ್ಪ್ರಿಂಗ್ ಬಗ್ಗೆ ಯೋಚಿಸುವುದೇ ಇಲ್ಲ. ಉಕ್ಕಿನ ಸಿಲಿಂಡರಿನ ಭಾರ ಅಂದರೆ ಡಿಕ್ಕಿಯಲ್ಲಿ ಒಬ್ಬ ಆಳು ಸದಾ ಕೂತಿದ್ದಂತೆ. ಹತ್ತು ವರ್ಷ ಹಾಗೆ ಓಡಿದ ಸ್ಪ್ರಿಂಗ್ ಕುಗ್ಗದೆ ಇರುತ್ತದಾ?

ಇನ್ನು ಹಂಪ್‌ಗಳು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1988ರ ಮಾರ್ಗಸೂಚಿ ಪ್ರಕಾರ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಆರಾಮವಾಗಿ ದಾಟಬಹುದಾದ ಉಬ್ಬು ಅದು. ನಿಮ್ಮ ಸೊಸೈಟಿ ಗೇಟಿನ ಮುಂದಿರುವುದನ್ನು ಒಮ್ಮೆ ಅಳೆದು ನೋಡಿ, ನಗು ಬರುತ್ತದೆ.

ಒಂದು ಹಳೇ ಅಭ್ಯಾಸವೂ ರಬ್ಬರಿಗೆ ಶತ್ರು. ವಾಷಿಂಗ್ ಮಾಡಿಸಿದ ಮೇಲೆ ಕೆಳಭಾಗಕ್ಕೆ ಡೀಸೆಲ್ಲೋ ಹಳೇ ಆಯಿಲ್ಲೋ ಸಿಂಪಡಿಸುತ್ತಾರೆ. ತುಕ್ಕು ಹಿಡಿಯುವುದಿಲ್ಲ, ಕಿರಕಿರ ನಿಲ್ಲುತ್ತದೆ ಅಂತ. ಸದ್ದು ಕೆಲವು ದಿನ ನಿಲ್ಲುವುದು ನಿಜ. ಆದರೆ ನೈಸರ್ಗಿಕ ರಬ್ಬರ್ ಎಣ್ಣೆ ಹೀರಿ ಊದಿಕೊಳ್ಳುತ್ತದೆ, ಮೆತ್ತಗಾಗುತ್ತದೆ, ಆಮೇಲೆ ಹರಿಯುತ್ತದೆ.

ಯಾವುದು ಹೋಗಿದೆ?

ಬಿಚ್ಚುವ ಮೊದಲು ಡಿಕ್ಕಿ ಖಾಲಿ ಮಾಡಿ. ಸ್ಟೆಪ್ನಿಯ ಬೋಲ್ಟ್ ಬಿಗಿ ಇದೆಯಾ, ಜಾಕಿ ತನ್ನ ಜಾಗದಲ್ಲಿದೆಯಾ, ಹಿಂದಿನ ಸೀಟಿನ ಚಿಲಕ ಸರಿಯಾಗಿ ಕೂತಿದೆಯಾ, ಸೈಲೆನ್ಸರ್ ತೂಗುಹಾಕಿದ ರಬ್ಬರ್ ಹರಿದಿದೆಯಾ ನೋಡಿ. ಸಸ್ಪೆನ್ಷನ್ ಹೆಸರಿನಲ್ಲಿ ಬರುವ ಸದ್ದುಗಳಲ್ಲಿ ಇವುಗಳ ಪಾಲು ಸಣ್ಣದಲ್ಲ.

ಆಮೇಲೆ ಟೇಪು ಹಿಡಿಯಿರಿ. ಸಮತಟ್ಟಾದ ನೆಲದಲ್ಲಿ, ಖಾಲಿ ಕಾರಿನಲ್ಲಿ, ಹಿಂದಿನ ಚಕ್ರದ ನಟ್ಟನಡುವಿನಿಂದ ನೇರ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಎಷ್ಟಿದೆ ಅಂತ ಅಳೆದು ಬರೆದಿಡಿ. ಎರಡೂ ಕಡೆ. ಎಡ ಬಲಗಳ ನಡುವೆ ಒಂದೂವರೆ ಸೆಂಟಿಮೀಟರ್ ಮೇಲ್ಪಟ್ಟು ವ್ಯತ್ಯಾಸ ಇದ್ದರೆ ಒಂದು ಸ್ಪ್ರಿಂಗ್ ಕೂತಿದೆ ಇಲ್ಲವೇ ಮುರಿದಿದೆ ಅಂತ ಅನುಮಾನಿಸಬಹುದು. ಈ ಚೀಟಿ ಎಸೆಯಬೇಡಿ, ಮುಂದೆ ಇನ್ನೊಂದು ಕೆಲಸಕ್ಕೆ ಬೇಕು.

ಕಾರಿನ ಹಿಂದಿನ ಮೂಲೆಯನ್ನು ಜೋರಾಗಿ ಒತ್ತಿ ಬಿಡುವ ಪರೀಕ್ಷೆ ಎಲ್ಲರಿಗೂ ಗೊತ್ತು. ಒಮ್ಮೆ ಮೇಲೆದ್ದು ನಿಂತರೆ ಸರಿ, ಎರಡು ಮೂರು ಸಲ ಕುಣಿದರೆ ಶಾಕಪ್ ಹೋಗಿದೆ. ಆದರೆ ಅರ್ಧ ಸವೆದ ಶಾಕಪ್ ಈ ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತದೆ. ಕೈಯಲ್ಲಿ ಒತ್ತುವ ವೇಗ ರಸ್ತೆಯ ಹೊಡೆತದ ಮುಂದೆ ಏನೂ ಅಲ್ಲ. ಹಾಗಾಗಿ ಫೇಲಾದರೆ ಮಾತ್ರ ನಂಬಿ. ಶಾಕಪ್ ಮೈಮೇಲೆ ತೆಳುವಾದ ಎಣ್ಣೆ ಪಸೆ ಇದ್ದರೆ ಗಾಬರಿ ಬೇಡ. ಮೈಯೆಲ್ಲಾ ಒದ್ದೆಯಾಗಿ, ಧೂಳು ಕೆಸರಿನಂತೆ ಅಂಟಿ, ತುದಿಯಲ್ಲಿ ಹನಿ ನಿಂತಿದ್ದರೆ ಅದರ ಕಥೆ ಮುಗಿಯಿತು. ಕೆಟ್ಟ ರಸ್ತೆಯಿಂದ ಬಂದ ತಕ್ಷಣ ಎರಡೂ ಶಾಕಪ್ ಮುಟ್ಟಿ ನೋಡಬಹುದು. ಒಂದು ಬೆಚ್ಚಗಿದ್ದು ಇನ್ನೊಂದು ತಣ್ಣಗಿದ್ದರೆ ತಣ್ಣಗಿರುವುದು ಕೆಲಸ ಮಾಡುತ್ತಿಲ್ಲ. ಸೈಲೆನ್ಸರಿಗೆ ಕೈ ತಾಗದಂತೆ ಹುಷಾರು.

ಟೈರಿನ ಮೇಲೆ ಅಂಗೈ ಆಡಿಸಿ. ಸುತ್ತಲೂ ಅಲ್ಲಲ್ಲಿ ತಗ್ಗು ಉಬ್ಬು ಸಿಕ್ಕರೆ ಚಕ್ರ ರಸ್ತೆಯ ಮೇಲೆ ಪುಟಿಯುತ್ತಾ ಓಡಿದೆ ಅಂತ ಅರ್ಥ. ಅದೂ ಬಹುಮಟ್ಟಿಗೆ ಶಾಕಪ್ ಕಡೆಗೇ ಬೆರಳು ತೋರಿಸುತ್ತದೆ.

ಸದ್ದಿನಲ್ಲೂ ಭೇದ ಇದೆ. ಭಾರ ಹೇರಿದಾಗ, ದೊಡ್ಡ ಹಂಪ್‌ನಲ್ಲಿ ಮಾತ್ರ ಬರುವ ಮಂದ ‘ಧಡ್’ ಅಂದರೆ ಬಂಪ್ ಸ್ಟಾಪ್ ಇಲ್ಲ ಅಥವಾ ಸ್ಪ್ರಿಂಗ್ ಕೂತಿದೆ. ಸಣ್ಣ ಸಣ್ಣ ಉಬ್ಬುಗಳಲ್ಲಿ ‘ಟಕ್ ಟಕ್’ ಅಂದರೆ ಶಾಕಪ್‌ನ ಬುಶ್ ಸವೆದಿದೆ, ಇಲ್ಲ ಮೇಲಿನ ನಟ್ಟು ಸಡಿಲ. ಸದ್ದೇ ಇಲ್ಲದೆ, ಎಕ್ಸ್‌ಪ್ರೆಸ್‌ವೇಯಲ್ಲಿ ಲೇನ್ ಬದಲಿಸುವಾಗ ಕಾರಿನ ಹಿಂಭಾಗ ಅರೆಗಳಿಗೆ ತಡವಾಗಿ ಹಿಂಬಾಲಿಸಿದಂತೆ ಅನ್ನಿಸಿದರೆ ಅದು ತೊಲೆಯ ದೊಡ್ಡ ಬುಶ್. ಮೂರರಲ್ಲಿ ನಿಜಕ್ಕೂ ಹೆದರಬೇಕಾದದ್ದು ಇದೇ.

ಬೇಕಾದ ಸಾಮಾನು, ಬೇಕಾದ ನೆಲ

ಬಿಡಿಭಾಗಕ್ಕೆ ಪುಣೆಯವರಿಗೆ ನಾನಾ ಪೇಟೆ ಇದೆ. ಮುಂಬೈನವರಿಗೆ ಓಪೆರಾ ಹೌಸ್ ಸುತ್ತಮುತ್ತಲಿನ ಅಂಗಡಿಗಳು, ಕುರ್ಲಾದ ಸಿಎಸ್‌ಟಿ ರೋಡ್. ಕಾರಿನ ಹೆಸರು, ವರ್ಷ ಹೇಳಿದರೆ ಸಾಲದು. ಒಂದೇ ಕಾರಿನ ಪೆಟ್ರೋಲ್, ಡೀಸೆಲ್, ಸಿಎನ್‌ಜಿ ಮಾದರಿಗಳಿಗೆ ಬೇರೆ ಬೇರೆ ಸ್ಪ್ರಿಂಗ್ ಇರಬಹುದು. ಆರ್‌ಸಿಯಲ್ಲಿರುವ ಚಾಸಿಸ್ ನಂಬರ್ ಕೊಟ್ಟು ಪಾರ್ಟ್ ನಂಬರ್ ತೆಗೆಸಿ. ಶಾಕಪ್ ಆಗಲಿ ಸ್ಪ್ರಿಂಗ್ ಆಗಲಿ ಯಾವಾಗಲೂ ಜೋಡಿಯಾಗಿಯೇ ತನ್ನಿ. ಒಂದು ಕಡೆ ಹೊಸದು, ಒಂದು ಕಡೆ ಹಳೆಯದು ಇದ್ದರೆ ತಿರುವಿನಲ್ಲಿ, ಬ್ರೇಕ್ ಹಾಕಿದಾಗ ಎರಡು ಚಕ್ರ ಎರಡು ತರ ನಡೆದುಕೊಳ್ಳುತ್ತವೆ. ಬಂಪ್ ಸ್ಟಾಪ್, ಡಸ್ಟ್ ಬೂಟ್, ಮೇಲಿನ ರಬ್ಬರ್, ಹೊಸ ನಟ್ಟು ಇಷ್ಟನ್ನೂ ಜೊತೆಗೇ ಕೊಳ್ಳಿ. ಹಳೇ ಶಾಕಪ್‌ಗೆ ಬಣ್ಣ ಬಳಿದು ‘ರಿಪೇರಿ ಮಾಲು’ ಅಂತ ಅಗ್ಗಕ್ಕೆ ಕೊಡುವವರೂ ಇದ್ದಾರೆ. ಬೇಡ ಅನ್ನಿ.

ಸಾಧನಗಳಲ್ಲಿ ಸಾಕೆಟ್ ಸೆಟ್, ಉದ್ದ ಹಿಡಿಯ ಪಾನಾ, ಟಾರ್ಕ್ ರೆಂಚ್ (ಎಷ್ಟು ಬಿಗಿ ಅಂತ ಅಳೆದು ತಿರುಗಿಸುವ ಪಾನಾ), ತಂತಿ ಬ್ರಷ್, ತುಕ್ಕು ಬಿಡಿಸುವ ಸ್ಪ್ರೇ, ಕನ್ನಡಕ, ಒಂದು ಟ್ರಾಲಿ ಜಾಕಿ. ಎಲ್ಲಕ್ಕಿಂತ ಮುಖ್ಯ ಎರಡು ಜಾಕ್ ಸ್ಟ್ಯಾಂಡ್, ಅಂದರೆ ಎತ್ತಿದ ಕಾರನ್ನು ಹೊತ್ತು ನಿಲ್ಲುವ ಕಾಲುಗಳು. ಕಾರಿನ ಜೊತೆ ಬರುವ ಜಾಕಿ ಸ್ಟೆಪ್ನಿ ಹಾಕಲು ಮಾತ್ರ. ಗೋವಾದಲ್ಲಿ ಚಿರೇಕಲ್ಲು ಅಂಗಳದಲ್ಲೇ ಬಿದ್ದಿರುತ್ತದೆ ಅಂತ ಅದನ್ನು ಕೊಟ್ಟು ನಿಲ್ಲಿಸಬೇಡಿ. ಕಲ್ಲಾಗಲಿ ಸಿಮೆಂಟ್ ಬ್ಲಾಕಾಗಲಿ ಮುನ್ಸೂಚನೆ ಕೊಡದೆ ಒಡೆಯುತ್ತದೆ.

ನೆಲ ಗಟ್ಟಿ, ಸಮತಟ್ಟು ಇರಬೇಕು. ಸೊಸೈಟಿ ಪಾರ್ಕಿಂಗ್ ಆದರೆ ಮೊದಲು ಒಪ್ಪಿಗೆ ಕೇಳಿ, ಕೆಳಗೆ ರಟ್ಟು ಹಾಸಿ. ಅರ್ಧ ಬಿಚ್ಚಿದ ಕಾರಿನ ಪಕ್ಕ ಸೆಕ್ರೆಟರಿ ಜೊತೆ ವಾದ ಮಾಡುವ ಸುಖ ಯಾರಿಗೂ ಬೇಡ.

ಬಿಚ್ಚುವುದು, ಕೂರಿಸುವುದು

ಹಿಂದಿನ ರಾತ್ರಿಯೇ ಎಲ್ಲ ಬೋಲ್ಟುಗಳಿಗೆ ಸ್ಪ್ರೇ ಹೊಡೆದಿಡಿ. ರಬ್ಬರಿಗೆ ತಾಗಿದ್ದನ್ನು ಒರೆಸಿ.

ಇಲ್ಲಿ ಒಂದು ಅಪಾಯ ಹಲವರ ಗಮನಕ್ಕೆ ಬರುವುದಿಲ್ಲ. ಈ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು. ನೀವು ಎತ್ತುವುದೂ ಅವನ್ನೇ. ಹಿಂದಿನ ಚಕ್ರಗಳು ನೆಲ ಬಿಟ್ಟ ಮೇಲೆ ಹ್ಯಾಂಡ್‌ಬ್ರೇಕ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಕಾರನ್ನು ಒಂದನೇ ಗೇರಿನಲ್ಲಿ ಬಿಟ್ಟು, ಮುಂದಿನ ಎರಡೂ ಚಕ್ರಗಳಿಗೆ ಮುಂದೆ ಹಿಂದೆ ಅಡೆ ಕೊಡಿ.

ಚಕ್ರದ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿ. ಮ್ಯಾನುಯಲ್‌ನಲ್ಲಿ ತೋರಿಸಿದ ಜಾಗದಲ್ಲಿ ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ, ಕೈಯಿಂದ ಅಲುಗಿಸಿ ನೋಡಿ, ಆಮೇಲೆ ಚಕ್ರ ತೆಗೆಯಿರಿ. ಎಷ್ಟೋ ಕಾರುಗಳಲ್ಲಿ ತೊಲೆಯ ನಟ್ಟನಡುವೆ ಜಾಕಿ ಕೊಡುವಂತಿಲ್ಲ, ಅದು ಬಾಗುತ್ತದೆ.

ಶಾಕಪ್ ಮಾತ್ರ ಬದಲಿಸುವುದಾದರೆ ಒಂದು ಕಡೆ ಮುಗಿಸಿ ಇನ್ನೊಂದು ಕಡೆಗೆ ಹೋಗಿ. ಕೆಳಗಿನ ಬೋಲ್ಟ್ ತೆಗೆಯುವ ಮೊದಲು ಸ್ಪ್ರಿಂಗ್ ಕೂತಿರುವ ಜಾಗದ ಕೆಳಗೆ ಜಾಕಿ ತಾಗಿಸಿ ಇಟ್ಟಿರಬೇಕು. ತೊಲೆ ಪೂರ್ತಿ ಕೆಳಗೆ ಬೀಳದಂತೆ ಹಿಡಿದಿರುವುದು ಶಾಕಪ್ಪೇ. ಅದನ್ನು ಬಿಡಿಸಿದ ಕ್ಷಣ ತೊಲೆ ಜೋತುಬಿದ್ದು ಬ್ರೇಕ್ ಪೈಪನ್ನೂ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ವೈರನ್ನೂ ಎಳೆಯುತ್ತದೆ. ಮೇಲಿನ ನಟ್ಟು ಕೆಲವು ಕಾರುಗಳಲ್ಲಿ ಡಿಕ್ಕಿಯ ಒಳಗಿನ ಹೊದಿಕೆ ತೆಗೆದರೆ ಸಿಗುತ್ತದೆ, ಕೆಲವದರಲ್ಲಿ ಚಕ್ರದ ಗೂಡಿನಲ್ಲೇ ಇರುತ್ತದೆ. ನಟ್ಟು ತಿರುಗಿಸುವಾಗ ಸರಳೂ ತಿರುಗಿದರೆ ಅದರ ತುದಿಯನ್ನು ಹಿಡಿಯಲು ಜಾಗ ಕೊಟ್ಟಿರುತ್ತಾರೆ, ಅಲ್ಲೇ ಹಿಡಿಯಿರಿ. ಹಳೆಯದನ್ನು ಹೇಗೆ ಬೇಕಾದರೂ ಬಿಚ್ಚಿ. ಹೊಸದರ ಸರಳಿಗೆ ಮಾತ್ರ ಇಕ್ಕಳ ಹಚ್ಚಬೇಡಿ. ಒಂದು ಗೀರು ಬಿದ್ದರೆ ಸಾಕು, ಸೀಲು ಹರಿದು ಎಣ್ಣೆ ಸೋರಲು ಶುರುವಾಗುತ್ತದೆ.

ಹೊಸ ಶಾಕಪ್ ಅಂಗಡಿಯಲ್ಲಿ ಮಲಗಿದ್ದಿರಬಹುದು. ಆಗ ಒಳಗಿನ ಗಾಳಿ ಪಿಸ್ಟನ್ ಜಾಗಕ್ಕೆ ಸೇರಿಕೊಳ್ಳುತ್ತದೆ. ನೆಟ್ಟಗೆ ಹಿಡಿದು ನಾಲ್ಕೈದು ಸಲ ಪೂರ್ತಿ ಒತ್ತಿ ಪೂರ್ತಿ ಎಳೆಯಿರಿ, ನಡುವಿನ ಸಡಿಲ ಹೋಗುತ್ತದೆ. ಬಂಪ್ ಸ್ಟಾಪ್, ಬೂಟ್ ಮೊದಲು ಏರಿಸಿ, ಆಮೇಲೆ ಕೂರಿಸಿ.

ಸ್ಪ್ರಿಂಗ್ ತೆಗೆಯಬೇಕಾದರೆ ಎರಡೂ ಶಾಕಪ್‌ಗಳ ಕೆಳಬೋಲ್ಟ್ ಬಿಡಿಸಿ, ಜಾಕಿಯಿಂದ ತೊಲೆಯನ್ನು ತುಂಬಾ ನಿಧಾನವಾಗಿ ಇಳಿಸಬೇಕು. ಬ್ರೇಕ್ ಪೈಪ್ ಮೇಲೆ ಒಂದು ಕಣ್ಣಿರಲಿ. ಈ ತರಹದ ಕಾರುಗಳಲ್ಲಿ ತೊಲೆ ಕೆಳಗೆ ಬಂದಂತೆ ಸ್ಪ್ರಿಂಗ್ ತಾನಾಗಿ ಸಡಿಲವಾಗಿ ಕೈಗೆ ಬರುತ್ತದೆ. ಪೈಪು ಬಿಗಿಯಾಗುವಷ್ಟು ಇಳಿಸಿದರೂ ಸ್ಪ್ರಿಂಗ್ ಇನ್ನೂ ಒತ್ತಡದಲ್ಲಿದ್ದರೆ ಕಬ್ಬಿಣದ ಸರಳು ಹಾಕಿ ಮೀಟಬೇಡಿ. ಅಲ್ಲಿಗೆ ನಿಲ್ಲಿಸಿ. ಸ್ಪ್ರಿಂಗ್ ಸಲೀಸಾಗಿ ಬಂದಿದ್ದರೆ ಅದರ ಸೀಟಿನ ಜಾಗ ಉಜ್ಜಿ, ತುಕ್ಕು ತೆಗೆದು ಬಣ್ಣ ಹಚ್ಚಿ, ಹೊಸ ರಬ್ಬರ್ ಇಡಿ. ಸ್ಪ್ರಿಂಗಿನ ತುದಿ ನಿಲ್ಲಲು ಸೀಟಿನಲ್ಲಿ ಒಂದು ಮೆಟ್ಟಿಲು ಇರುತ್ತದೆ, ತುದಿ ಅಲ್ಲಿಗೇ ಬಂದು ಕೂರಬೇಕು. ರಬ್ಬರ್ ಕೂರಿಸಲು ಗ್ರೀಸ್ ಬೇಡ, ಸೋಪಿನ ನೀರು ಸಾಕು.

ಕೊನೆಯ ಬಿಗಿತಕ್ಕೆ ಒಂದು ಹೊತ್ತಿದೆ

ಮನೆಯಲ್ಲಿ ಮಾಡುವವರು ಮಾತ್ರ ಅಲ್ಲ, ಅವಸರದ ಗ್ಯಾರೇಜುಗಳೂ ಎಡವುವ ಜಾಗ ಇದು.

ಶಾಕಪ್ ಬುಶ್ಶಾಗಲಿ ತೊಲೆಯ ಬುಶ್ಶಾಗಲಿ, ನಡುವೆ ಒಂದು ಉಕ್ಕಿನ ಕೊಳವೆ, ಅದರ ಸುತ್ತ ಅಂಟಿಸಿದ ರಬ್ಬರ್, ಹೊರಗೆ ಇನ್ನೊಂದು ಉಂಗುರ. ಬೋಲ್ಟ್ ಬಿಗಿ ಮಾಡಿದಾಗ ಒಳಗಿನ ಕೊಳವೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಚಕ್ರ ಮೇಲೆ ಕೆಳಗೆ ಹೋದಾಗ ಕೊಳವೆ ತಿರುಗುವುದಿಲ್ಲ, ರಬ್ಬರ್ ತಿರುಚಿಕೊಳ್ಳುತ್ತದೆ. ಅಂದರೆ ಯಾವ ಸ್ಥಿತಿಯಲ್ಲಿ ಬಿಗಿ ಮಾಡಿದಿರೋ ಅದೇ ಆ ರಬ್ಬರಿಗೆ ವಿಶ್ರಾಂತಿಯ ಸ್ಥಿತಿ.

ಕಾರು ಸ್ಟ್ಯಾಂಡ್ ಮೇಲಿದ್ದು ಚಕ್ರಗಳು ಜೋತುಬಿದ್ದಿರುವಾಗ ಬಿಗಿ ಮಾಡಿದರೆ ಏನಾಗುತ್ತದೆ? ಕಾರನ್ನು ನೆಲಕ್ಕಿಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು ನಿಲ್ಲುತ್ತದೆ. ನಿಂತಾಗಲೂ ತಿರುಚು, ಓಡುವಾಗ ಇನ್ನೂ ಜಾಸ್ತಿ. ಹೊಸ ಬುಶ್ ಕೆಲವೇ ತಿಂಗಳಲ್ಲಿ ಹರಿದು, ಪಾರ್ಟ್ ಡೂಪ್ಲಿಕೇಟ್ ಇತ್ತು ಅಂತ ಅಂಗಡಿಯವನ ಮೇಲೆ ಸಿಟ್ಟು ಬರುತ್ತದೆ.

ಹಾಗಾಗಿ ಬೋಲ್ಟುಗಳನ್ನು ಮೊದಲು ಕೈಬಿಗಿ ಮಾತ್ರ ಮಾಡಿ. ಚಕ್ರ ಹಾಕಿ, ಕಾರನ್ನು ನೆಲಕ್ಕಿಳಿಸಿ, ಹಿಂದಿನ ಮೂಲೆಗಳನ್ನು ನಾಲ್ಕು ಸಲ ಒತ್ತಿ. ಬರೆದಿಟ್ಟ ಚೀಟಿ ತೆಗೆದು ಎತ್ತರ ನೋಡಿ. ಹೊಸ ಸ್ಪ್ರಿಂಗ್ ಹಾಕಿದ್ದರೆ ಸ್ವಲ್ಪ ಹೆಚ್ಚಿರುತ್ತದೆ, ಎರಡೂ ಕಡೆ ಸಮ ಇದ್ದರೆ ಸಾಕು. ಈಗ ಕೆಳಬೋಲ್ಟುಗಳನ್ನು ಟಾರ್ಕ್ ರೆಂಚ್‌ನಿಂದ ಮ್ಯಾನುಯಲ್ ಹೇಳಿದಷ್ಟು ಬಿಗಿ ಮಾಡಿ. ಕೈ ಹೋಗುವುದಿಲ್ಲ ಅಂದರೆ ಕಾರನ್ನು ಸರ್ವಿಸ್ ರ‍್ಯಾಂಪಿನ ಮೇಲೆ, ಚಕ್ರಗಳ ಮೇಲೇ ನಿಲ್ಲಿಸಿ ಬಿಗಿ ಮಾಡಿಸಿಕೊಳ್ಳಬಹುದು. ಅಲ್ಲಿಯವರೆಗೆ ನಿಧಾನವಾಗಿ ಹೋಗುವಷ್ಟಾದರೂ ಬಿಗಿ ಇರಲಿ. ಚಕ್ರದ ನಟ್ಟು ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ 85ರಿಂದ 120 ನ್ಯೂಟನ್ ಮೀಟರ್. ಪಾನಾ ಮೇಲೆ ಹತ್ತಿ ಕುಣಿಯುವ ಅಗತ್ಯ ಇಲ್ಲ.

ಗ್ಯಾರೇಜಿಗೇ ಬಿಡಬೇಕಾದ್ದು

ತೊಲೆಯ ದೊಡ್ಡ ಬುಶ್ ಮನೆ ಕೆಲಸ ಅಲ್ಲ. ಅದನ್ನು ಹೈಡ್ರಾಲಿಕ್ ಪ್ರೆಸ್ ಇಲ್ಲವೇ ಅದಕ್ಕೆಂದೇ ಮಾಡಿದ ಪುಲ್ಲರ್‌ನಿಂದ ತೆಗೆದು ಕೂರಿಸಬೇಕು. ಎಷ್ಟೋ ಬುಶ್‌ಗಳ ರಬ್ಬರಿನಲ್ಲಿ ಬೇಕೆಂದೇ ಬಿಟ್ಟ ಸಂದುಗಳಿರುತ್ತವೆ. ಅವು ಯಾವ ದಿಕ್ಕಿಗೆ ಬರಬೇಕು ಅನ್ನುವುದು ನಿಗದಿ. ಸುತ್ತಿಗೆಯಲ್ಲಿ ಬಡಿದು ಹೇಗೋ ಕೂರಿಸಿದರೆ ಕಾರಿನ ನಡೆಯೇ ಬದಲಾಗುತ್ತದೆ. ಸ್ಪ್ರಿಂಗ್ ಶಾಕಪ್‌ನ ಮೈಸುತ್ತಲೇ ಕೂತಿರುವ ಕಾರುಗಳಲ್ಲಿ ಅದನ್ನು ಸ್ಪ್ರಿಂಗ್ ಕಂಪ್ರೆಸರ್ ಅನ್ನುವ ಸಾಧನದಿಂದ ಒತ್ತಿ ಹಿಡಿದು ಬಿಚ್ಚಬೇಕು. ಜಾರಿದರೆ ಜೀವಕ್ಕೆ ಕುತ್ತು. ಬಾಡಿಯೊಳಗೆ ವೆಲ್ಡ್ ಮಾಡಿದ ನಟ್ಟಿನಲ್ಲಿ ತುಕ್ಕಿನ ಬೋಲ್ಟ್ ಮುರಿದರೂ ಗ್ಯಾರೇಜೇ ಗತಿ.

ಕೂತ ಸ್ಪ್ರಿಂಗನ್ನು ಕಾಯಿಸಿ ಎಳೆದು ಎತ್ತರ ಮಾಡಿಕೊಡುವವರಿದ್ದಾರೆ. ಕಾಯಿಸಿದರೆ ಉಕ್ಕಿನ ಹದ ಹೋಗುತ್ತದೆ, ಸ್ಪ್ರಿಂಗ್ ಮತ್ತೆ ಕೂರುತ್ತದೆ. ಸುರುಳಿಗಳ ನಡುವೆ ಸಿಕ್ಕಿಸುವ ರಬ್ಬರ್ ಬಫರ್ ಕೂಡ ಕಾಯಿಲೆ ಮುಚ್ಚಿಡುತ್ತದೆ ಅಷ್ಟೇ. ಆ ಸುರುಳಿ ಆಡದಂತೆ ಮಾಡಿ ಉಳಿದ ಸುರುಳಿಗಳ ಮೇಲೆ ಭಾರ ಹಾಕುತ್ತದೆ.

ಓಡಿಸಿ ನೋಡುವಾಗ

ಮೊದಲು ಮನೆ ಸುತ್ತ ನಿಧಾನವಾಗಿ, ಬ್ರೇಕ್ ಹಿಡಿದು ನೋಡಿ. ಕೆಲವು ಹಳೇ ಕಾರುಗಳಲ್ಲಿ ಹಿಂದಿನ ಭಾರಕ್ಕೆ ತಕ್ಕಂತೆ ಬ್ರೇಕ್ ಒತ್ತಡ ಬದಲಿಸುವ ವಾಲ್ವ್ ಇರುತ್ತದೆ. ಅದರ ಕಡ್ಡಿ ತೊಲೆಗೆ ಸಿಕ್ಕಿಸಿರುತ್ತದೆ. ಬಿಚ್ಚಿದ್ದರೆ ಮತ್ತೆ ಸಿಕ್ಕಿಸಿದ್ದೀರಾ ನೋಡಿಕೊಳ್ಳಿ. ನೂರು ಕಿಲೋಮೀಟರ್ ಓಡಿದ ಮೇಲೆ ಚಕ್ರದ ನಟ್ಟುಗಳ ಬಿಗಿ ಇನ್ನೊಮ್ಮೆ ಪರೀಕ್ಷಿಸಿ.

ಟಾರ್ಷನ್ ಬೀಮ್ ಇರುವ ಹೆಚ್ಚಿನ ಕಾರುಗಳಲ್ಲಿ ಹಿಂದಿನ ಚಕ್ರದ ಕೋನ ತಿದ್ದಲು ಬರುವುದಿಲ್ಲ. ಅಲೈನ್‌ಮೆಂಟ್ ಯಂತ್ರ ಹಿಂದಿನ ಚಕ್ರ ಓರೆ ಇದೆ ಅಂತ ತೋರಿಸಿದರೆ ತೊಲೆ ಬಾಗಿದೆ ಅಥವಾ ದೊಡ್ಡ ಬುಶ್ ಹೋಗಿದೆ. “ಅಡ್ಜಸ್ಟ್ ಮಾಡಿಕೊಡ್ತೇವೆ” ಅಂದವರನ್ನು ಎಲ್ಲಿ ಅಂತ ಕೇಳಿ. ಸ್ಪ್ರಿಂಗ್ ಬದಲಿಸಿದ್ದರೆ ಹೆಡ್‌ಲೈಟ್ ಎತ್ತರವನ್ನೂ ಸರಿ ಮಾಡಿಕೊಳ್ಳಿ. ಹಿಂಭಾಗ ಮೇಲೆದ್ದ ಮೇಲೆ ದೀಪದ ಬೆಳಕು ಮೊದಲಿಗಿಂತ ಹತ್ತಿರಕ್ಕೆ ಬೀಳುತ್ತದೆ.

ಹಳೇ ಶಾಕಪ್‌ಗಳಲ್ಲಿ ಎಣ್ಣೆ ಇರುತ್ತದೆ, ಕೆಲವದರಲ್ಲಿ ಒತ್ತಡದ ಗ್ಯಾಸೂ ಇರುತ್ತದೆ. ಡ್ರಿಲ್ ಮಾಡುವುದು, ಬೆಂಕಿಗೆ ಹಾಕುವುದು ಬೇಡ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಒಳಗೆ ಗ್ಯಾಸ್ ಇರಬಹುದು ಅಂತ ಹೇಳಿಯೇ ಭಂಗಾರ್‌ನವರಿಗೆ, ಅಂದರೆ ಗುಜರಿಯವರಿಗೆ ಕೊಡಿ.